ಲೋಹದ ಸ್ಟೆಂಟಿಗೆ ಹರಳು: ಬೋರ್‌ವೆಲ್ ನೀರು ಕಾರಣವಾ?

ತಂದೆಯವರ ಮೂತ್ರನಾಳದಲ್ಲಿ ಇಟ್ಟ ಲೋಹದ ಸ್ಟೆಂಟಿಗೆ (ಕಿಡ್ನಿಯಿಂದ ಮೂತ್ರ ಇಳಿಯಲು ಇಡುವ ಕೊಳವೆ) ಹತ್ತು ತಿಂಗಳಿಗೇ ಹರಳು ಕಟ್ಟಿದೆ, ಬೋರ್‌ವೆಲ್ ನೀರು ಕಾರಣವಾ ಅಂತ ಕೇಳಿದ್ದೀರಿ. ಬೋರ್‌ವೆಲ್ ನೀರಿಗಿಂತ, ನೀರು ಕಡಿಮೆ ಕುಡಿದದ್ದು ಅಥವಾ ಮೂತ್ರದ ಸೋಂಕೇ ಕಾರಣ ಇರಬಹುದು. ಕಲಬುರಗಿ ಬಿಸಿಲಲ್ಲಿ ಹೊಲಕ್ಕೆ ಹೋದರೆ ಬೆವರು ಹರಿದು ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ (ಹರಳು ಕಟ್ಟುವ ಲವಣ) ಸ್ಟೆಂಟಿಗೆ ಅಂಟಿಕೊಳ್ಳುತ್ತದೆ. ಲೋಹದ ಸ್ಟೆಂಟ್ ಪ್ಲಾಸ್ಟಿಕ್‌ಗಿಂತ ಜಾಸ್ತಿ ದಿನ ಬಾಳಿಕೆ ಬರುತ್ತದೆ, ಅಷ್ಟೇ.

ಮೊದಲು ಮೂತ್ರದ ಕಲ್ಚರ್ (ಸೋಂಕಿದೆಯಾ ಅಂತ ನೋಡುವ ಪರೀಕ್ಷೆ), ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುತ್ತದೆ) ಮಾಡಿಸಿ. ಆಮೇಲೆ ಹೊಟ್ಟೆಯ ಎಕ್ಸ್‌ರೇ. ಹರಳು ದಪ್ಪ ಕಂಡರೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರು) ಸಿಟಿ ಸ್ಕ್ಯಾನ್ ಹೇಳಬಹುದು. ಎಷ್ಟು ಕಟ್ಟಿದೆ ಅಂತ ಚಿತ್ರ ನೋಡದೆ ನಾನು ಹೇಳಲಾರೆ. ಜಾಸ್ತಿ ಇದ್ದರೆ ಸ್ಟೆಂಟನ್ನು ಸುಮ್ನೆ ಎಳೆದು ತೆಗೆಯಲು ಒಪ್ಪಬೇಡಿ, ಮೂತ್ರನಾಳ ಹರಿಯಬಹುದು. ಲೇಸರ್‌ನಿಂದ ಹರಳು ಒಡೆದು ತೆಗೆಯುತ್ತಾರಾ ಅಂತ ಕೇಳಿ. ತೆಗೆದ ಹರಳನ್ನು ಪರೀಕ್ಷೆಗೆ ಕಳಿಸಲು ಮರೆಯದೆ ಹೇಳಿ. ನಮ್ಮ ಮನೆಯಲ್ಲಿ ಇದನ್ನೇ ಮರೆತಿದ್ದೆವು, ಮುಂದಿನ ಸ್ಟೆಂಟಿಗೂ ಅದೇ ಪಾಡು.

ಅಲ್ಲಿಯವರೆಗೆ ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ 2.5 ಲೀಟರ್ ಮೂತ್ರ ಬರುವಷ್ಟು ನೀರು ಕುಡಿಸಿ. ಅಂಗಡಿಯಿಂದ ಸಿಟ್ರೇಟ್ ಸಿರಪ್ (ಹರಳಿಗೆ ಕೊಡುವ ಔಷಧಿ) ತಂದು ನೀವೇ ಕೊಡಬೇಡಿ. ಸೋಂಕಿನ ಹರಳಾದರೆ ಅದರಿಂದ ಇನ್ನೂ ಕೆಡಬಹುದು.

ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಬೆಳಗಾಗುವವರೆಗೆ ಕಾಯದೆ ರಾತ್ರಿಯೇ ಎಮರ್ಜೆನ್ಸಿಗೆ ಕರೆದೊಯ್ಯಿರಿ.