ಓದುಗರ ಪ್ರಶ್ನೆ: ಟಿ ಕೋಡ್‌ಗೆ ಪಕ್ಕಾ ಕೋಡ್ ಆಗುವ ಯೋಗ ಯಾವಾಗ?

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳ ಹೃದ್ರೋಗ ವಿಭಾಗದ ಕ್ಲೇಮ್‌ಗಳಿಗೆ, ಅಂದರೆ ವಿಮೆಗೆ ಕಳಿಸುವ ಬಿಲ್‌ಗಳಿಗೆ, ಕೋಡ್ ಹಾಕುವ ಕೆಲಸ ನನ್ನದು. ಹೊಸ ಚಿಕಿತ್ಸೆಗೆ ಟಿ ಅಕ್ಷರದಲ್ಲಿ ಮುಗಿಯುವ ತಾತ್ಕಾಲಿಕ ಕೋಡ್ ಹಾಕಿದರೆ ಹಲವು ಕ್ಲೇಮ್‌ಗಳು ಡಿನೈ ಆಗಿ ಬರುತ್ತವೆ. ‘ಹೇಗೂ ದುಡ್ಡು ಬರುವುದಿಲ್ಲ, 33999 ಹಾಕಿ ಬಿಡಿ’ ಎನ್ನುವವರು ಆಫೀಸಿನಲ್ಲಿ ಇದ್ದಾರೆ. ಅದು ಸರಿಯಾ? ಟಿ ಕೋಡ್ ಪಕ್ಕಾ ಕೋಡ್ ಆಗಬೇಕಾದರೆ ಏನೇನು ಬೇಕು?
– ಓದುಗರು, ಬಿಜೈ, ಮಂಗಳೂರು

ಉತ್ತರ: ಸರಿಯಲ್ಲ. ಆ ಚಿಕಿತ್ಸೆಗೆ ಟಿ ಕೋಡ್ ಇದ್ದರೆ ಅದನ್ನೇ ಹಾಕಬೇಕು, ಇದು ಸಿಪಿಟಿಯ, ಅಂದರೆ ಅಮೆರಿಕದ ಚಿಕಿತ್ಸಾ ಕೋಡ್‌ಗಳ ಪಟ್ಟಿಯ ನಿಯಮ. 33999 ಹೃದಯ ಶಸ್ತ್ರಚಿಕಿತ್ಸೆಯ ಅನ್‌ಲಿಸ್ಟೆಡ್ ಕೋಡ್. ಹೆಸರಿಲ್ಲದ ಕೆಲಸಗಳೆಲ್ಲ ಅದೊಂದರಲ್ಲೇ ಬಂದು ಬೀಳುತ್ತವೆ, ಯಾವುದು ಎಷ್ಟು ಸಲ ನಡೆಯಿತೆಂದು ಆಮೇಲೆ ಹೆಕ್ಕಿ ತೆಗೆಯಲಾಗುವುದಿಲ್ಲ. ಟಿ ಕೋಡ್ ಇರುವುದೇ ಆ ಲೆಕ್ಕ ಸಿಗಲಿ ಎಂದು. ಪಕ್ಕಾ ಕೋಡ್ ಕೇಳುವಾಗ ‘ಇದನ್ನು ಎಷ್ಟು ಕಡೆ, ಎಷ್ಟು ಸಲ ಮಾಡಿದ್ದಾರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೀವು ಬಿಜೈಯಲ್ಲಿ ಕೂತು ಸರಿಯಾಗಿ ಹಾಕಿದ ಒಂದೊಂದು ಟಿ ಕೋಡೂ ಆ ಲೆಕ್ಕಕ್ಕೆ ಸೇರುತ್ತದೆ.

ನಿರ್ಧಾರ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸಿಪಿಟಿ ಎಡಿಟೋರಿಯಲ್ ಪ್ಯಾನೆಲ್ಲಿನದು. ಅದು ವರ್ಷಕ್ಕೆ ಮೂರು ಸಲ ಸೇರುತ್ತದೆ. ಪಕ್ಕಾ ಕೋಡ್, ಅಂದರೆ ಕೆಟಗರಿ 1 ಬೇಕಾದರೆ ಎಲ್ಲ ಷರತ್ತುಗಳೂ ಒಟ್ಟಿಗೆ ಪೂರೈಸಬೇಕು: ಬಳಸುವ ಉಪಕರಣ, ಔಷಧಗಳಿಗೆ ಬೇಕಾದಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇರಬೇಕು, ದೇಶದ ಉದ್ದಗಲಕ್ಕೆ ಅನೇಕ ವೈದ್ಯರು ಅದನ್ನು ಮಾಡುತ್ತಿರಬೇಕು, ಯಾವ ಕಾಯಿಲೆಗೋ ಅದಕ್ಕೆ ತಕ್ಕ ಸಂಖ್ಯೆಯಲ್ಲಿ ನಡೆಯುತ್ತಿರಬೇಕು, ಈಗಿನ ವೈದ್ಯಪದ್ಧತಿಗೆ ಹೊಂದಬೇಕು, ಗುಣ ಇದೆ ಎನ್ನುವುದಕ್ಕೆ ಪ್ರಕಟಿತ ಅಧ್ಯಯನಗಳ ಆಧಾರ ಬೇಕು. ‘ತಕ್ಕ ಸಂಖ್ಯೆ’ ಎಂಬ ಮಾತು ಮುಖ್ಯ. ಸಾವಿರಕ್ಕಿಂತ ಕಡಿಮೆಯಾದರೆ ಇಲ್ಲ ಎನ್ನುವಂಥ ಗೆರೆ ಎಳೆದಿಲ್ಲ. ಅಪರೂಪದ ಕಾಯಿಲೆಯ ಚಿಕಿತ್ಸೆ ಅಪರೂಪಕ್ಕೇ ನಡೆಯುತ್ತದೆ, ಅದನ್ನು ಸಂಖ್ಯೆ ನೋಡಿ ಹೊರಗಿಟ್ಟರೆ ಆ ರೋಗಿಗಳಿಗೆ ಅನ್ಯಾಯ. ಸಾಮಾನ್ಯ ಕಾಯಿಲೆಯ ಚಿಕಿತ್ಸೆ ಬೆರಳೆಣಿಕೆಯ ಕಡೆ ಮಾತ್ರ ನಡೆಯುತ್ತಿದ್ದರೆ ಪ್ಯಾನೆಲ್ ಅನುಮಾನಿಸುವುದು ನ್ಯಾಯವೇ.

ಟಿ ಕೋಡ್‌ಗೆ, ಅಂದರೆ ಕೆಟಗರಿ 3ಕ್ಕೆ ಇಷ್ಟು ಬಿಗಿ ಇಲ್ಲ. ಮನುಷ್ಯರ ಮೇಲೆ ಈಗ ಅಥವಾ ಇತ್ತೀಚೆಗೆ ಆ ಚಿಕಿತ್ಸೆ ನಡೆದಿರಬೇಕು. ಜತೆಗೆ ಸಂಬಂಧಪಟ್ಟ ಸಲಹೆಗಾರರ ಬೆಂಬಲ, ಪ್ರಕಟಿತ ಲೇಖನ, ನಡೆಯುತ್ತಿರುವ ಅಧ್ಯಯನದ ದಾಖಲೆ ಇವುಗಳಲ್ಲಿ ಒಂದಾದರೂ ಬೇಕು. ಆಯುಸ್ಸು ಐದು ವರ್ಷ. ಅಷ್ಟರಲ್ಲಿ ಪಕ್ಕಾ ಆಗದಿದ್ದರೆ ಮುಂದುವರಿಸುತ್ತಾರೆ, ಇಲ್ಲವೇ ತೆಗೆದುಹಾಕುತ್ತಾರೆ.

ತಂತಿಯಿಲ್ಲದ ಪೇಸ್‌ಮೇಕರ್ ಇದೇ ದಾರಿಯಲ್ಲಿ ಬಂತು. 2015ರಲ್ಲಿ ಅಳವಡಿಕೆಗೆ 0387ಟಿ ಜಾರಿಯಾಯಿತು. ಅಮೆರಿಕದಲ್ಲಿ ಇಂಥ ಮೊದಲ ಉಪಕರಣಕ್ಕೆ ಎಫ್‌ಡಿಎ ಒಪ್ಪಿಗೆ ಬಂದದ್ದು 2016ರಲ್ಲಿ. 2019ಕ್ಕೆ ಅದು 33274 ಎಂಬ ಪಕ್ಕಾ ಕೋಡ್ ಆಯಿತು. ಆಪರೇಟಿವ್ ನೋಟ್, ಅಂದರೆ ವೈದ್ಯರು ಬರೆದ ಆಪರೇಷನ್ನಿನ ವಿವರ ಓದಿ ಕೋಡ್ ಹಾಕುವವರು ಜಾರುವುದು ಇಲ್ಲೇ. ತೊಡೆಸಂದಿನ ರಕ್ತನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ ಚುಚ್ಚಿದರು, ಎಕ್ಸ್‌ರೇ ಪರದೆ (ಫ್ಲೋರೋಸ್ಕೋಪಿ) ನೋಡುತ್ತ ಬಲ ಹೃತ್ಕುಕ್ಷಿಗೆ ಉಪಕರಣ ತಲುಪಿಸಿದರು, ಕೊನೆಗೆ ಪ್ರೋಗ್ರಾಂ ಮಾಡಿದರು ಎಂದಿರುತ್ತದೆ. ಇಷ್ಟೂ 33274ರ ಒಳಗೇ ಸೇರಿದೆ. ಅಲ್ಟ್ರಾಸೌಂಡಿಗೆ 76937, ಫ್ಲೋರೋಸ್ಕೋಪಿಗೆ 76000 ಎಂದು ಬೇರೆ ಸಾಲು ಹಾಕಿದರೆ ಆ ಸಾಲುಗಳು ಡಿನೈ ಆಗುತ್ತವೆ. ನೋಟಿನಲ್ಲಿ ಹೃದಯದ ಎರಡು ಕೋಣೆಯ ವ್ಯವಸ್ಥೆ ಎಂದಿದ್ದರೆ 33274 ತಪ್ಪು. ಅದಕ್ಕೆ 2023ರ ಜುಲೈಯಿಂದ 0795ಟಿಯಿಂದ ಶುರುವಾಗುವ ಬೇರೆ ಕೋಡ್‌ಗಳ ಸರಣಿ ಬಂದಿದೆ, ಚಾಲ್ತಿ ವರ್ಷದ ಪುಸ್ತಕದಲ್ಲಿ ನೋಡಿಯೇ ಹಾಕಿ.

ಕೋಡ್ ಬಂತೆಂದ ಮಾತ್ರಕ್ಕೆ ಹಣ ಬರಲೇಬೇಕೆಂದಿಲ್ಲ. ಕೋಡ್ ಮಾಡಿದ ಕೆಲಸದ ಹೆಸರು. ಕೊಡುವುದು ಬಿಡುವುದು ಪೇಯರ್, ಅಂದರೆ ಹಣ ಕೊಡುವ ವಿಮೆಯವರ ಕೈಯಲ್ಲಿ. ತಂತಿಯಿಲ್ಲದ ಪೇಸ್‌ಮೇಕರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ 2017ರ ಜನವರಿ 18ರಿಂದ ಅಧ್ಯಯನದ ಷರತ್ತಿನ ಮೇಲೆ ಹಣ ಕೊಡಲು ಒಪ್ಪಿತು. ಹಾಗಾಗಿ ಕ್ಯೂ0 ಮಾಡಿಫೈಯರ್ (ಕೋಡಿನ ಜತೆ ಸೇರಿಸುವ ಗುರುತು), ಝಡ್00.6 ಡಯಾಗ್ನೋಸಿಸ್ ಕೋಡ್, ಅಧ್ಯಯನದ ನೋಂದಣಿ ಸಂಖ್ಯೆ ಮೂರೂ ಕ್ಲೇಮಿನಲ್ಲಿ ಬೇಕು. ಒಂದು ಬಿಟ್ಟರೂ 33274 ಸರಿಯಿದ್ದೂ ಕ್ಲೇಮ್ ವಾಪಸ್. ಟಿ ಕೋಡಿಗಾದರೋ ದೇಶಕ್ಕೆಲ್ಲ ಒಂದೇ ಎನ್ನುವ ದರ ಇರುವುದಿಲ್ಲ. ಅಪೀಲಿಗೆ ಆಪರೇಟಿವ್ ನೋಟ್ ಮತ್ತು ಸಮಯ, ಶ್ರಮದಲ್ಲಿ ಹೋಲುವ ಒಂದು ಪಕ್ಕಾ ಕೋಡಿನ ವಿವರ ಸೇರಿಸಿ ಕಳಿಸಿ.

ಪ್ರಶ್ನೆ: ಹೊಸ ವರ್ಷದ ಮೊದಲ ವಾರ ನಮ್ಮಲ್ಲಿ ರಿಜೆಕ್ಷನ್ ರಾಶಿ ಬೀಳುತ್ತದೆ. ಏಕೆ?
– ಓದುಗರು, ಸುರತ್ಕಲ್

ಉತ್ತರ: ಬಿಲ್ ಕಳಿಸಿದ ದಿನ ನೋಡಿ ಕೋಡ್ ಹಾಕುವುದರಿಂದ. ನೋಡಬೇಕಾದದ್ದು ಚಿಕಿತ್ಸೆ ನಡೆದ ದಿನ. ಡಿಸೆಂಬರ್ 30ರ ಕೆಲಸಕ್ಕೆ ಜನವರಿ 5ರಂದು ಬಿಲ್ ಹಾಕಿದರೂ ಹಳೆಯ ಪುಸ್ತಕದ ಕೋಡೇ. ಹಿಂದೆ ಮೆಡಿಕೇರಿನಲ್ಲಿ ಹಳೆಯ ಕೋಡ್ ಬಳಸಲು 90 ದಿನಗಳ ರಿಯಾಯಿತಿ ಇತ್ತು, 2005ರಿಂದ ಅದಿಲ್ಲ. ಕೆಟಗರಿ 1 ಜನವರಿ 1ಕ್ಕೆ ಬದಲಾಗುತ್ತದೆ. ಟಿ ಕೋಡ್‌ಗಳನ್ನು ಜನವರಿ, ಜುಲೈ 1ರಂದು ಪ್ರಕಟಿಸಿ ಆರು ತಿಂಗಳ ಬಳಿಕ ಜಾರಿ ಮಾಡುತ್ತಾರೆ, ಪಟ್ಟಿ ಬಂದ ದಿನವೇ ಬಳಸಿದರೂ ರಿಜೆಕ್ಟ್. ಡಯಾಗ್ನೋಸಿಸ್ ಕೋಡ್‌ಗಳ ದೊಡ್ಡ ಬದಲಾವಣೆ ಅಕ್ಟೋಬರ್ 1ಕ್ಕೆ. ಡಿಸೆಂಬರ್ ಕೊನೆಯ ವಾರದ ಬಾಕಿ ಚಾರ್ಟ್‌ಗಳನ್ನು ಪ್ರತ್ಯೇಕ ಕ್ಯೂನಲ್ಲಿಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಪ್ರಶ್ನೆ: ಅಪ್ಪನ ಆಪರೇಷನ್ ಆಯುಷ್ಮಾನ್ ಪಟ್ಟಿಯಲ್ಲಿ ಇಲ್ಲವಂತೆ. ಇಲ್ಲೂ ಟಿ ಕೋಡಿನ ಥರ ಏನಾದರೂ ಉಂಟಾ?
– ಓದುಗರು, ಬ್ರಹ್ಮಾವರ, ಉಡುಪಿ

ಉತ್ತರ: ಹಾಗೇ ಇಲ್ಲ. ನಮ್ಮ ಪ್ಯಾಕೇಜ್ ಕೋಡಿನಲ್ಲಿ ಹೆಸರು, ದರ ಎರಡೂ ಒಟ್ಟಿಗೆ ಇರುತ್ತವೆ. ರಾಷ್ಟ್ರೀಯ ಪಟ್ಟಿಯಲ್ಲಿ 2018ರಲ್ಲಿ 1,393 ಪ್ಯಾಕೇಜ್‌ಗಳಿದ್ದವು, 2022ರ ಆವೃತ್ತಿಗೆ ಚಿಕಿತ್ಸೆಗಳು 1,949 ಆದವು. ಪಟ್ಟಿಯಲ್ಲಿಲ್ಲದ ಶಸ್ತ್ರಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ‘ಅನ್‌ಸ್ಪೆಸಿಫೈಡ್ ಸರ್ಜಿಕಲ್’ ಎಂಬ ದಾರಿ ಇದೆ. ಅದಕ್ಕೆ ಮುಂಚಿತ ಒಪ್ಪಿಗೆ ಕಡ್ಡಾಯ. ಕರ್ನಾಟಕದಲ್ಲಿ ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಆಪರೇಷನ್ನಿನ ಪೂರ್ಣ ಹೆಸರು ಬರೆದುಕೊಟ್ಟು ಮತ್ತೊಮ್ಮೆ ಹುಡುಕಿಸಿ. ಎಷ್ಟೋ ಸಲ ಅದೇ ಚಿಕಿತ್ಸೆ ಬೇರೆ ವಿಭಾಗದ ಕೆಳಗೆ, ಬೇರೆ ಹೆಸರಿನಲ್ಲಿ ಇರುತ್ತದೆ. ನಿಜಕ್ಕೂ ಇಲ್ಲವಾದರೆ ಯಾಕೆ ಇದೇ ಆಪರೇಷನ್ ಬೇಕು, ಪಟ್ಟಿಯಲ್ಲಿರುವುದು ಯಾಕೆ ಸಾಲದು ಎಂದು ಸರ್ಜನ್ ಬರೆದ ಪತ್ರ, ಸ್ಕ್ಯಾನ್ ವರದಿ, ಅಂದಾಜು ಖರ್ಚು ಇಟ್ಟು ಒಪ್ಪಿಗೆ ಕೇಳುವಂತೆ ಆಸ್ಪತ್ರೆಗೆ ಹೇಳಿ. ತುರ್ತು ಇಲ್ಲದಿದ್ದರೆ, ಉತ್ತರ ಬರುವ ಮೊದಲು ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕಳಿಸಬೇಡಿ.