21 ವರ್ಷ ದುಡಿದರೂ ಅಮ್ಮನಿಗೆ ಪಿಂಚಣಿ ಯಾಕಿಲ್ಲ?

ಪೀಣ್ಯದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಿವೃತ್ತಿಯ ಮೇಲೆ ಯಾತ್ರೆ ಹೋಗಿ, ಕೈತೋಟ ಮಾಡಿ ಅಂತ ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಟೇಲರ್ ಆಗಿದ್ದರು. ಮೂರು ಫ್ಯಾಕ್ಟರಿಯಲ್ಲಿ 7, 6, 8 ವರ್ಷ. 2024ರಲ್ಲಿ 58 ತುಂಬಿ ಮನೆಗೆ ಬಂದರು. ಪಿಂಚಣಿ ಬರಲ್ಲವಂತೆ. 2010ರಲ್ಲಿ ಅಜ್ಜಿಗೆ ಲಕ್ವ ಹೊಡೆದಾಗ ಒಮ್ಮೆ, 2016ರಲ್ಲಿ ನನ್ನ ಮದುವೆಗೆ ಒಮ್ಮೆ ಕೆಲಸ ಬಿಟ್ಟು ಪಿಎಫ್ ಸೆಟ್ಲ್‌ಮೆಂಟ್ ತಗೊಂಡಿದ್ದರು. ಈಗ ನನ್ನ ಮಗುವನ್ನು ನೋಡಿಕೊಳ್ತಾರೆ. ಆದರೂ ಐದಕ್ಕೆ ಎದ್ದು ಡಬ್ಬಿ ಕಟ್ಟಿಕೊಳ್ತಾರೆ. ಒಂದು ಗಂಟೆಗೆ ಮನೆಯಲ್ಲೇ ಕೂತು ಆ ಡಬ್ಬಿಯಿಂದಲೇ ಊಟ. ಟಿವಿ ನೋಡುವಾಗ ಬಲಗಾಲು ನೆಲ ಒತ್ತುತ್ತಿರುತ್ತದೆ, ಮಿಷನ್ನಿನ ಪೆಡಲ್ ಅಲ್ಲೇ ಇರುವ ಹಾಗೆ. ಪಿಂಚಣಿ ಹೋಗಿದ್ದು ಅವರ ತಪ್ಪಾ, ನನ್ನ ಮದುವೆಯ ತಪ್ಪಾ?"

ಸಂಪಾದಕರ ಉತ್ತರ:

ಅಮ್ಮನ ತಪ್ಪಲ್ಲ. ನಿಮ್ಮದಂತೂ ಅಲ್ಲವೇ ಅಲ್ಲ. ನಮ್ಮ ಲೇಖನದಲ್ಲಿ ನಿಮ್ಮಮ್ಮನಂಥವರಿಗೆ ಜಾಗವೇ ಇರಲಿಲ್ಲ. ಅದು ನಮ್ಮ ತಪ್ಪು. ಒಪ್ಪಿಕೊಳ್ಳುತ್ತೇನೆ.

ಪಿಂಚಣಿ ಎಲ್ಲಿ ಹೋಯಿತು ಅಂತ ನೋಡೋಣ. ಪಿಎಫ್‌ಗೆ ಅಮ್ಮನ ಸಂಬಳದಿಂದ ಶೇ 12 ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು. ಮಾಲೀಕರ ಆ ಪಾಲಿನಲ್ಲಿ ಶೇ 8.33 ಬೇರೆಯಾಗಿ ಪಿಂಚಣಿಗೆ ಹೋಗುತ್ತದೆ. ಅಂದರೆ ಒಂದೇ ಹೆಸರಿನಲ್ಲಿ ಎರಡು ಡಬ್ಬಿ. ಕೆಲಸ ಬಿಟ್ಟಾಗ ಪಿಎಫ್ ಹಣ ತೆಗೆದರೂ ಪಿಂಚಣಿಯ ವರ್ಷಗಳು ಅಳಿಯುವುದಿಲ್ಲ. ಆದರೆ ಹತ್ತು ವರ್ಷ ಆಗುವ ಮೊದಲೇ 'ಟೆನ್ ಸಿ' ಫಾರಂ ಹಾಕಿ ಪಿಂಚಣಿ ಪಾಲನ್ನೂ ತೆಗೆದರೆ ಅಲ್ಲಿವರೆಗಿನ ಸರ್ವಿಸ್ ಸೊನ್ನೆ. ಮುಂದಿನ ಫ್ಯಾಕ್ಟರಿಯಲ್ಲಿ ಮತ್ತೆ ಒಂದರಿಂದ ಎಣಿಕೆ. ಪಿಂಚಣಿಗೆ ಬೇಕಾದದ್ದು ಕನಿಷ್ಠ 10 ವರ್ಷ. ನಿಮ್ಮಮ್ಮ ಎರಡು ಸಲ ಸೊನ್ನೆಗೆ ಬಂದರು. ಕೊನೆಗೆ ಉಳಿದದ್ದು 8.

ಆ ಮೂರನ್ನೂ ಜೋಡಿಸಿಕೊಂಡಿದ್ದರೆ? ಪಿಂಚಣಿ ಸಂಬಳವನ್ನು, ಅಂದರೆ ಕೊನೆಯ ಐದು ವರ್ಷದ ಸರಾಸರಿ ಸಂಬಳವನ್ನು, ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ದಾಟಿದವರಿಗೆ ಮೇಲೆ 2 ವರ್ಷ ಸೇರಿಸುತ್ತಾರೆ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ವರ್ಷಗಳಿಗೆ ಸಂಬಳದ ಮಿತಿ 6,500, ಆಮೇಲೆ 15,000. ಆ ಸರಾಸರಿ 11,000 ಅಂತ ಹಿಡಿದರೂ ತಿಂಗಳಿಗೆ ಎರಡೂವರೆ ಸಾವಿರ ದಾಟುತ್ತಿತ್ತು. ದೊಡ್ಡ ಮೊತ್ತವಲ್ಲ, ನಿಜ. ಆದರೆ ಮಾತ್ರೆಗೆ, ಬಸ್ಸಿಗೆ, ಮೊಮ್ಮಗುವಿಗೆ ಒಂದು ಬಿಸ್ಕತ್ ಪ್ಯಾಕೆಟ್ಟಿಗೆ ಯಾರ ಮುಂದೆಯೂ ಕೈಚಾಚದೆ ಇರಬಹುದಿತ್ತು.

ಈ ಸೊನ್ನೆಗಳು ಬಂದದ್ದು ಯಾವಾಗ ನೋಡಿ. ನಿಮ್ಮ ಅಜ್ಜಿಗೆ ಲಕ್ವ ಹೊಡೆದಾಗ, ಮಗಳಿಗೆ ಮದುವೆ ಮಾಡುವಾಗ. ಆಗ ನಿಮ್ಮ ತಂದೆಯ ಸರ್ವಿಸ್ ತುಂಡಾಗಿತ್ತಾ? ನೀವು ಬರೆದಿಲ್ಲ. ಬಹಳ ಮನೆಗಳಲ್ಲಿ ಆಗಿರುವುದಿಲ್ಲ. ಗಂಡಸರ ಕೆಲಸ ಒಂದು ಉದ್ದ ದಾರ. ಹೆಂಗಸರದ್ದು ಗಂಟು ಗಂಟು. ಒಂದೊಂದು ಗಂಟಿನಲ್ಲೂ ಮನೆಯವರು ಯಾರೋ ಒಬ್ಬರು ಇರುತ್ತಾರೆ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿರುವ ಮಾಲೀಕರ ಪಾಲನ್ನು 58 ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ಹೊಸೂರು ರಸ್ತೆ, ತುಮಕೂರು ರಸ್ತೆ, ಎಲ್ಲೆಡೆ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡೇ ದಿನ. ಏಪ್ರಿಲ್ 19ಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸಾಲದವನು ಬಾಗಿಲಲ್ಲಿ ನಿಂತಿರುವಾಗ 58ರವರೆಗೆ ಕಾಯಿ ಅನ್ನುವುದು ಯಾವ ನ್ಯಾಯ? ಆದರೆ ಈ ಹಣ ತಗೋ, ಆ ಪಿಂಚಣಿ ಪಾಲು ಮುಟ್ಟಬೇಡ ಅಂತ ಲೈನಿನಲ್ಲಿ ಕೂತವಳಿಗೆ ಬಿಡಿಸಿ ಹೇಳುವವರು ಬೇಕಿತ್ತು. ನಿಮ್ಮಮ್ಮನಿಗೆ ಹಾಗೆ ಹೇಳಿದವರು ಇರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಇನ್ನು ಆ ಡಬ್ಬಿ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಚಿಕ್ಕಮ್ಮನೂ ಕಾಲರ್ ಹೊಲಿಯುತ್ತಿದ್ದವರು. ಅರ್ಧ ಗಂಟೆ ಊಟದ ಬಿಡುವಲ್ಲಿ ಏಳೆಂಟು ಜನ ವೃತ್ತವಾಗಿ ಕೂರುತ್ತಿದ್ದರಂತೆ. ಒಬ್ಬಳ ಹುರುಳಿ ಸಾರು, ಇನ್ನೊಬ್ಬಳ ಚಿತ್ರಾನ್ನ, ಮುಚ್ಚಳದಲ್ಲಿ ಹಂಚಿಕೊಂಡು ಊಟ. ಟಾರ್ಗೆಟ್, ಬೈಗುಳ, ಬೆನ್ನುನೋವು ಎಲ್ಲ ಇತ್ತು. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಬಿಟ್ಟ ಮೇಲೆ ಕಾಲರ್ ನೆನಪಾಗಲಿಲ್ಲ, ಆ ವೃತ್ತ ನೆನಪಾಗುತ್ತಿತ್ತು. ನಿಮ್ಮಮ್ಮ ಕಳಕೊಂಡಿದ್ದು ಸಂಬಳ ಒಂದನ್ನೇ ಅಲ್ಲ. "ನೀನು ಸುಮ್ನೆ ರೆಸ್ಟ್ ಮಾಡಮ್ಮ" ಅಂದರೆ ಆ ಜಾಗ ತುಂಬುವುದಿಲ್ಲ.

ರೆಸ್ಟ್ ಆದರೂ ಎಲ್ಲಿದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅಮ್ಮನಿಗೆ ಈಗ ಮೊಮ್ಮಗುವೂ ಸೇರಿದೆ. ಪ್ರೀತಿಯಿಂದಲೇ ನೋಡುತ್ತಾರೆ, ಅನುಮಾನವಿಲ್ಲ. ಆದರೂ ವಾರಕ್ಕೆ ಒಂದು ದಿನ ಅದರಿಂದ ಪೂರ್ತಿ ಬಿಡುವು ಕೊಡಿ. ಹಳೇ ಬ್ಯಾಚಿನವರ ಫೋನ್ ನಂಬರ್ ಹುಡುಕಿಸಿ. ಆ ದಿನ ಡಬ್ಬಿ ಹಿಡಿದುಕೊಂಡು ಅವರಲ್ಲಿಗೆ ಹೋಗಲಿ.

ಕಾಗದದ ಕೆಲಸವೂ ಇದೆ. ಕೊನೆಯ 8 ವರ್ಷದ ಗ್ರಾಚ್ಯುಟಿ ಬಂದಿದೆಯಾ ನೋಡಿ. ಐದು ವರ್ಷ ದಾಟಿದ್ದರಿಂದ ಅದು ಅವರ ಹಕ್ಕು, ವರ್ಷಕ್ಕೆ 15 ದಿನದ ಸಂಬಳ. ಆ 8 ವರ್ಷದ ಪಿಂಚಣಿ ಪಾಲೂ ವಾಪಸ್ ಬರಬೇಕು. 65 ಆದಾಗ, ಅರ್ಹತೆ ಇದ್ದರೆ, ರಾಜ್ಯ ಸರ್ಕಾರದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಿ. ತಿಂಗಳಿಗೆ 1,200 ಕೊಡುತ್ತಾರೆ.

ಪತ್ರದ ಕೊನೆಯಲ್ಲಿ ನಿಮ್ಮ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ನಾಲ್ಕು ವರ್ಷ ಬಿಲ್ಲಿಂಗ್ ಕೆಲಸ ಮಾಡಿ, ಮಗು ಆದ ಮೇಲೆ ಬಿಟ್ಟಿದ್ದೀರಿ. ಪಿಎಫ್ ತೆಗೆದು ಗಂಡನ ಬೈಕ್ ಸಾಲ ತೀರಿಸೋಣ ಅಂತಿದ್ದೀರಿ. ದಯವಿಟ್ಟು ಟೆನ್ ಸಿಯಲ್ಲಿ ಪಿಂಚಣಿ ಹಣ ಕೇಳಬೇಡಿ. ಅದೇ ಫಾರಂನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದರಲ್ಲಿ ನಿಮ್ಮ ನಾಲ್ಕು ವರ್ಷ ಹಾಗೇ ಉಳಿಯುತ್ತದೆ. ಮತ್ತೆ ಕೆಲಸಕ್ಕೆ ಸೇರುವ ದಿನ ಹೊಸ ನಂಬರ್ ಮಾಡಿಸಬೇಡಿ. ಎಲ್ಲ ಕೆಲಸಕ್ಕೂ ಒಂದೇ ಆಗಿರುವ ಪಿಎಫ್ ನಂಬರ್, ಅಂದರೆ ಹಳೇ ಯುಎಎನ್ ನಂಬರನ್ನೇ ಕೊಡಿ, ಐದನೇ ವರ್ಷದಿಂದ ಎಣಿಕೆ ಶುರುವಾಗಲಿ.