ಒಬ್ಬರದು ನಾಲ್ಕೂವರೆ ಸ್ಟಾರ್, ಇನ್ನೊಬ್ಬರದು ಒಂದೂವರೆ: ಯಾರ ಮಾತು ಕೇಳುವುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊಸ ಸಿನಿಮಾಗಳ ಬಗ್ಗೆ ವಿಮರ್ಶಕರ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ದೂರಿನವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕಿಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನೋಡಬೇಕೆಂದುಕೊಂಡಿದ್ದ ಸಿನಿಮಾಗೆ ಒಬ್ಬ ವಿಮರ್ಶಕರು ಐದಕ್ಕೆ ನಾಲ್ಕೂವರೆ ಕೊಟ್ಟಿದ್ದಾರೆ, ಇನ್ನೊಬ್ಬರು ಒಂದೂವರೆ. ಇಬ್ಬರೂ ವರ್ಷಗಟ್ಟಲೆ ಬರೆದವರು. ಇಷ್ಟು ಅಂತರ ಹೇಗೆ? ಯಾರನ್ನು ನಂಬಲಿ?

ಸದ್ಯಕ್ಕೆ ಯಾರನ್ನೂ ನಂಬಬೇಡಿ, ಇಬ್ಬರನ್ನೂ ಓದಿ. ‘ಲೋಕೋ ಭಿನ್ನರುಚಿಃ’ ಅಂದುಬಿಟ್ಟರೆ ನನ್ನ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಮಾತನ್ನು ಜನ ಚರ್ಚೆಯ ಬಾಗಿಲು ಹಾಕುವುದಕ್ಕೇ ಹೆಚ್ಚಾಗಿ ಬಳಸುತ್ತಾರೆ. ರುಚಿ ಬೇರೆ ಬೇರೆ, ಸರಿ. ಬೇರೆಯಾದದ್ದು ಯಾವ ವಿಷಯದಲ್ಲಿ?

ಸ್ಟಾರ್ ಮುಚ್ಚಿಟ್ಟು ಎರಡೂ ಬರಹ ಓದಿ ನೋಡಿ. ಇಬ್ಬರೂ ವರದಿ ಮಾಡಿರುವುದು ಬಹುತೇಕ ಒಂದೇ ಸಿನಿಮಾವನ್ನು ಎಂಬುದು ಗೊತ್ತಾಗುತ್ತದೆ. ಕಥೆ ನಿಧಾನ, ಮಾತು ಕಡಿಮೆ, ಕೊನೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳುವುದಿಲ್ಲ. ಇಷ್ಟರಲ್ಲಿ ಇಬ್ಬರದೂ ಒಮ್ಮತ. ಒಬ್ಬರಿಗೆ ಅದು ಪ್ರೇಕ್ಷಕರ ಬುದ್ಧಿಗೆ ಕೊಟ್ಟ ಗೌರವ, ಇನ್ನೊಬ್ಬರಿಗೆ ನಿರ್ದೇಶಕರ ಸೋಮಾರಿತನ. ಸಿನಿಮಾದಲ್ಲಿ ಏನಿದೆ ಎಂಬ ಬಗ್ಗೆ ತಕರಾರಿಲ್ಲ, ಅದರ ಬೆಲೆ ಕಟ್ಟುವಲ್ಲಿ ಮಾತ್ರ. ನಿಮಗೆ ಬೇಕಾದದ್ದು ಆ ‘ಏನಿದೆ’ ಅನ್ನುವ ಭಾಗ. ಬೆಲೆಯನ್ನು ನೀವೇ ಕಟ್ಟಬಹುದು.

ಕೆಲವೊಮ್ಮೆ ಜಗಳ ರುಚಿಯನ್ನು ದಾಟಿ ಹೋಗುತ್ತದೆ. 2019ರ ‘ಜೋಕರ್’ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಗೆದ್ದಿತು, 11 ಆಸ್ಕರ್ ನಾಮನಿರ್ದೇಶನ ಪಡೆಯಿತು, ವಾಕೀನ್ ಫೀನಿಕ್ಸ್ ಅತ್ಯುತ್ತಮ ನಟರಾದರು. ಅದೇ ಸಿನಿಮಾಗೆ, ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಸಿಕ್ಕದ್ದು ನೂರಕ್ಕೆ 60ರ ಆಸುಪಾಸು. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಹಳೆಯ ಚಿತ್ರಗಳ ನೆರಳು ಅದರ ಮೇಲೆ ದಟ್ಟವಾಗಿದೆ ಎಂಬುದನ್ನು ಹೊಗಳಿದವರೂ ಕಂಡರು, ತೆಗಳಿದವರೂ ಕಂಡರು. ಒಂಟಿ ಮನುಷ್ಯನೊಬ್ಬ ಹಿಂಸೆಗೆ ಇಳಿಯುವುದನ್ನು ಈ ಸಿನಿಮಾ ಅರ್ಥಮಾಡಿಸುತ್ತಿದೆಯೋ, ಇಲ್ಲಾ ಸಮರ್ಥಿಸುತ್ತಿದೆಯೋ? ಜಗಳ ಇದ್ದದ್ದು ಇಲ್ಲಿ. ಇಂಥ ಪ್ರಶ್ನೆಗೆ ಎರಡೂ ಕಡೆಯ ಉತ್ತರಗಳನ್ನು ಕೂಡಿಸಿ ಭಾಗಿಸಿದರೆ ‘ಪರವಾಗಿಲ್ಲ’ ಅನ್ನುವ ಉತ್ತರ ಬರುತ್ತದೆ. ಆ ಸಿನಿಮಾ ನೋಡಿ ಬಂದವರಲ್ಲಿ ‘ಪರವಾಗಿಲ್ಲ’ ಅಂದವರು ಬಹಳ ಕಡಿಮೆ.

ಇನ್ನೊಂದು ಕಾರಣ, ಯಾರು ಎಲ್ಲಿ ಕುಳಿತು ನೋಡುತ್ತಾರೆ ಎಂಬುದು. 2024ರ ‘ಎಮಿಲಿಯಾ ಪೆರೆಜ್’ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದು ಮುಂದೆ 13 ಆಸ್ಕರ್ ನಾಮನಿರ್ದೇಶನ ಗಳಿಸಿತು. ನಿರ್ದೇಶಕ ಜಾಕ್ ಒಡಿಯಾರ್ ಫ್ರಾನ್ಸಿನವರು, ಕಥೆ ಮೆಕ್ಸಿಕೊದ್ದು, ಮಾತು ಸ್ಪ್ಯಾನಿಷ್, ಚಿತ್ರೀಕರಣದ ಬಹುಪಾಲು ಪ್ಯಾರಿಸ್ ಬಳಿಯ ಸ್ಟುಡಿಯೊದಲ್ಲಿ. ಕಾನ್‌ನಲ್ಲಿ ನೋಡಿದ ಅನೇಕರಿಗೆ ಮಾದಕವಸ್ತು ಜಾಲದ ಕಥೆಗೆ ಹಾಡು ಕುಣಿತ ಬೆರೆಸಿದ ಧೈರ್ಯ ಹಿಡಿಸಿತು. ಮೆಕ್ಸಿಕೊದ ಬಹಳಷ್ಟು ಮಂದಿಗೆ ಕಿವಿಗೆ ಮೊದಲು ಬಡಿದದ್ದು ನಟರ ಉಚ್ಚಾರ. ಕಾಣೆಯಾದ ತಮ್ಮವರನ್ನು ಇನ್ನೂ ಹುಡುಕುತ್ತಿರುವ ಕುಟುಂಬಗಳ ದುಃಖವನ್ನು ಸಿನಿಮಾ ಹಿನ್ನೆಲೆಯ ಪರದೆಯಾಗಿ ಬಳಸಿಕೊಂಡಿದೆ ಎಂಬ ಸಿಟ್ಟು ಅದಕ್ಕಿಂತ ದೊಡ್ಡದು. ಸಬ್‌ಟೈಟಲ್ ಓದಿಕೊಂಡು ನೋಡುವವರಿಗೆ ಉಚ್ಚಾರದ ತಪ್ಪು ಕೇಳಿಸುವುದೇ ಇಲ್ಲವಲ್ಲ! ಇಲ್ಲಿ ಒಂದು ಗುಂಪು ಸರಿ, ಇನ್ನೊಂದು ತಪ್ಪು ಎಂದೇನಿಲ್ಲ. ಆದರೂ ನನ್ನನ್ನು ಕೇಳಿದರೆ, ಕಥೆ ಯಾರದೋ ಅವರ ನಡುವೆ ಬದುಕುವ ವಿಮರ್ಶಕರನ್ನು ಮೊದಲು ಓದುತ್ತೇನೆ. ಹೊರಗಿನವರ ಕಣ್ಣಿಗೆ ಬೀಳದ ಸಂಗತಿಗಳು ಅಲ್ಲಿರುತ್ತವೆ.

ಸ್ಟಾರ್‌ಗಳ ಅಳತೆಗೋಲೂ ಒಂದೇ ಅಲ್ಲ. ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ತಮ್ಮ ಸ್ಟಾರ್‌ಗಳು ಸಾಪೇಕ್ಷ ಎಂದು ಬಿಡಿಸಿ ಬರೆದಿದ್ದರು. ಸೂಪರ್‌ಹೀರೋ ಸಿನಿಮಾವನ್ನು ಅವರು ಇನ್ನೊಂದು ಸೂಪರ್‌ಹೀರೋ ಸಿನಿಮಾದ ಪಕ್ಕದಲ್ಲಿಟ್ಟು ತೂಗುತ್ತಿದ್ದರು, ಗಂಭೀರ ನಾಟಕೀಯ ಚಿತ್ರದ ಪಕ್ಕದಲ್ಲಲ್ಲ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವ ವಿಮರ್ಶಕರೂ ಇದ್ದಾರೆ. ಈ ಎರಡು ಪದ್ಧತಿಯವರು ಕೊಟ್ಟ ಮೂರು ಸ್ಟಾರ್‌ಗಳಿಗೆ ಒಂದೇ ಅರ್ಥ ಹುಡುಕುವುದರಲ್ಲಿ ಪ್ರಯೋಜನವಿಲ್ಲ.

ಯಾರನ್ನು ನಂಬಲಿ ಎಂದಿರಿ. ನೀವು ಈಗಾಗಲೇ ನೋಡಿ, ಖಚಿತ ಅಭಿಪ್ರಾಯ ಇಟ್ಟುಕೊಂಡಿರುವ ನಾಲ್ಕೈದು ಸಿನಿಮಾಗಳ ಬಗ್ಗೆ ಆ ಇಬ್ಬರೂ ಏನು ಬರೆದಿದ್ದರೆಂದು ಹುಡುಕಿ ಓದಿ. ನಿಮ್ಮಂತೆಯೇ ಯೋಚಿಸುವವರೇ ಆಗಬೇಕೆಂದಿಲ್ಲ. ಪ್ರತಿ ಸಲವೂ ಒಂದೇ ಬಗೆಯ ಸಿನಿಮಾಗೆ ಸಿಡುಕುವ ವಿಮರ್ಶಕರಿದ್ದು, ಆ ಬಗೆ ನಿಮಗೆ ಇಷ್ಟವಾಗಿದ್ದರೆ, ಅವರ ಒಂದೂವರೆ ಸ್ಟಾರ್ ನಿಮಗೆ ಶಿಫಾರಸೇ ಸರಿ.

ಪ್ರಶ್ನೆ: ಒಂದು ಸಿನಿಮಾಗೆ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ ಶೇ 90ಕ್ಕೂ ಹೆಚ್ಚು ಇದೆ, ಮೆಟಾಕ್ರಿಟಿಕ್‌ನಲ್ಲಿ 65 ಇದೆ. ಒಂದರಲ್ಲಿ ಏನೋ ಮೋಸ ಇರಬೇಕಲ್ಲವೇ?

ಮೋಸವಿಲ್ಲ. ಎರಡೂ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. 1998ರಲ್ಲಿ ಶುರುವಾದ ರಾಟನ್ ಟೊಮ್ಯಾಟೋಸ್ ಪ್ರತಿ ವಿಮರ್ಶೆಯನ್ನು ‘ಇಷ್ಟವಾಯಿತು’ ಅಥವಾ ‘ಇಷ್ಟವಾಗಲಿಲ್ಲ’ ಎಂದು ಎರಡೇ ಗುಂಪಿಗೆ ಹಾಕುತ್ತದೆ. ಇಷ್ಟಪಟ್ಟವರು ನೂರಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೆಂಪು ಟೊಮ್ಯಾಟೊ, ಕಡಿಮೆ ಇದ್ದರೆ ಒಡೆದು ಚೆಲ್ಲಿದ ಹಸಿರು ಗುರುತು. ಎಷ್ಟು ಇಷ್ಟ ಎಂಬುದು ಆ ಶೇಕಡಾವಾರಿನಲ್ಲಿ ಇಲ್ಲವೇ ಇಲ್ಲ. 2001ರಲ್ಲಿ ಬಂದ ಮೆಟಾಕ್ರಿಟಿಕ್ ಪ್ರತಿ ವಿಮರ್ಶೆಯನ್ನು ಸೊನ್ನೆಯಿಂದ ನೂರರವರೆಗಿನ ಅಂಕವಾಗಿ ಬದಲಿಸಿಕೊಂಡು, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಸ್ಟಾರ್ ಕೊಡದ ವಿಮರ್ಶೆಯಾದರೆ ಅಲ್ಲಿನ ಸಿಬ್ಬಂದಿ ಓದಿ ಅಂಕ ಹಾಕುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಮೊದಲ ಸಿನಿಮಾಗೆ ಹತ್ತು ವಿಮರ್ಶಕರೂ ಐದಕ್ಕೆ ಮೂರು ಕೊಟ್ಟು ‘ಒಮ್ಮೆ ನೋಡಬಹುದು’ ಅಂದರು. ಎರಡನೆಯದಕ್ಕೆ ಏಳು ಜನ ಐದಕ್ಕೆ ಐದು, ಮೂರು ಜನ ಐದಕ್ಕೆ ಒಂದು. ಇಷ್ಟಪಟ್ಟವರನ್ನು ಎಣಿಸಿದರೆ ಮೊದಲನೆಯದಕ್ಕೆ ನೂರಕ್ಕೆ ನೂರು, ಎರಡನೆಯದಕ್ಕೆ 70. ತೂಕ ಬಿಟ್ಟು ಬರೀ ಸರಾಸರಿ ತೆಗೆದರೆ ಮೊದಲನೆಯದು 60ಕ್ಕೆ ಇಳಿಯುತ್ತದೆ, ಎರಡನೆಯದು 76ಕ್ಕೆ ಏರುತ್ತದೆ. ಗೆದ್ದವರು ಸೋತರು, ಸೋತವರು ಗೆದ್ದರು. ಯಾರ ಮನಸ್ಸೂ ನೋಯಿಸದ ಹದವಾದ ಸಿನಿಮಾಗಳಿಗೆ ಮೊದಲ ಪದ್ಧತಿ ವರದಾನ. ನಾನಾದರೆ ಟಿಕೆಟ್ ತೆಗೆಯುವುದು ಎರಡನೆಯ ಸಿನಿಮಾಗೆ. ಮೂರು ಜನರಿಗೆ ಅಷ್ಟು ಕೋಪ ಬರಿಸಿದ್ದು ಏನೆಂದು ನೋಡಬೇಕಲ್ಲ.

ಅದಕ್ಕೇ ‘ಮಿಶ್ರ ಪ್ರತಿಕ್ರಿಯೆ’ ಎಂಬ ವರದಿ ಓದಿದಾಗ, ಎಲ್ಲರೂ ಉಗುರುಬೆಚ್ಚಗೆ ಮಾತಾಡಿದರೋ, ಅರ್ಧ ಜನ ಕುಣಿದು ಅರ್ಧ ಜನ ಎದ್ದು ಹೋದರೋ ಎಂಬುದನ್ನು ತಿಳಿದುಕೊಳ್ಳಿ. ಮೆಟಾಕ್ರಿಟಿಕ್‌ನಲ್ಲಿ ಒಳ್ಳೆಯ, ನಡುವಿನ, ಕೆಟ್ಟ ವಿಮರ್ಶೆಗಳು ಎಷ್ಟೆಷ್ಟು ಎಂದು ಬಣ್ಣದ ಪಟ್ಟಿಯಲ್ಲಿ ತೋರಿಸುತ್ತಾರೆ. ದೊಡ್ಡ ಅಂಕಿಗಿಂತ ಆ ಪಟ್ಟಿ ಹೆಚ್ಚು ಹೇಳುತ್ತದೆ.

ಪ್ರಶ್ನೆ: ವಿಮರ್ಶಕರು ಹೊಗಳಿದ್ದನ್ನು ಜನ ತಿರಸ್ಕರಿಸುತ್ತಾರೆ, ತೆಗಳಿದ್ದು ಹೌಸ್‌ಫುಲ್ ಆಗುತ್ತದೆ. ಹಾಗಾದರೆ ವಿಮರ್ಶಕರಿಗೆ ಜನರ ನಾಡಿಮಿಡಿತ ಗೊತ್ತಿಲ್ಲ ಎಂದೇ ಅಲ್ಲವೇ?

ನಾಡಿ ಹಿಡಿಯುವುದು ಅವರ ಕೆಲಸ ಅಂತ ಯಾರು ಹೇಳಿದರು? ಸಿನಿಮಾ ಎಷ್ಟು ಓಡುತ್ತದೆ ಎಂದು ಲೆಕ್ಕ ಹಾಕುವುದಕ್ಕೆ ವಿತರಕರಿದ್ದಾರೆ.

ಆದರೆ ‘ಜನ’ ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ ಬಿಡುಗಡೆಯ ಮೊದಲ ದಿನ ಥಿಯೇಟರಿಗೆ ಬಂದವರಿಗೆ ಚೀಟಿ ಕೊಟ್ಟು ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೇಳುತ್ತದೆ. ಮೊದಲ ದಿನವೇ ಬರುವವರು ಇಷ್ಟಪಡಲೆಂದೇ ಬಂದವರು, ಹಾಗಾಗಿ ಒಳ್ಳೆಯ ದರ್ಜೆ ಅಲ್ಲಿ ಸಾಮಾನ್ಯ. ಕೆಟ್ಟ ದರ್ಜೆ ಬಿತ್ತೆಂದರೆ ಬಹಳ ಸಲ ಅದರ ಅರ್ಥ, ಜನ ಕೊಂಡದ್ದೊಂದು, ಸಿಕ್ಕಿದ್ದೊಂದು. 2017ರ ‘ಮದರ್!’ ಚಿತ್ರವನ್ನು ಅನೇಕ ವಿಮರ್ಶಕರು ಮೆಚ್ಚಿದ್ದರು. ಮಾಮೂಲಿ ಹಾರರ್ ಎಂದುಕೊಂಡು ಹೋದ ಪ್ರೇಕ್ಷಕರ ಮುಂದೆ ಬೈಬಲ್ಲಿನ ರೂಪಕ ಬಂದು ನಿಂತಿತು. ಎಫ್ ಬಿತ್ತು. 2024ರಲ್ಲಿ ‘ಜೋಕರ್’ನ ಎರಡನೇ ಭಾಗಕ್ಕೂ ಡಿ ಸಿಕ್ಕಿತು. ಮೊದಲ ಭಾಗದ ಅಭಿಮಾನಿಗಳು ಹುಡುಕಿಕೊಂಡು ಹೋದ ನಾಯಕ ಅಲ್ಲಿ ಹಾಡು ಹೇಳುತ್ತಿದ್ದ. ಈ ಸಲ ವಿಮರ್ಶಕರೂ ಹೆಚ್ಚು ಮೆಚ್ಚಲಿಲ್ಲ, ಅದು ಬೇರೆ ಮಾತು.

ಅಂತರ್ಜಾಲದ ಪ್ರೇಕ್ಷಕ ಅಂಕಗಳ ಕಥೆ ಇನ್ನೂ ಗೋಜಲು. ಬಿಡುಗಡೆಗೆ ಮೊದಲೇ ಗುಂಪು ಕಟ್ಟಿಕೊಂಡು ಬಂದು ಕೆಳಗೆಳೆಯುವ ಚಾಳಿ ಹೆಚ್ಚಾದಾಗ, 2019ರಲ್ಲಿ ರಾಟನ್ ಟೊಮ್ಯಾಟೋಸ್ ಬಿಡುಗಡೆಪೂರ್ವ ಟಿಪ್ಪಣಿಗಳನ್ನು ನಿಲ್ಲಿಸಿ, ಟಿಕೆಟ್ ಕೊಂಡದ್ದು ಖಾತ್ರಿಯಾದವರ ಅಂಕಗಳನ್ನು ಪ್ರತ್ಯೇಕಿಸಿತು. ನೋಡದವರ ಅಭಿಪ್ರಾಯ ಎಣಿಸಬಾರದು ಎಂಬುದಕ್ಕೂ ಒಂದು ನಿಯಮ ಬೇಕಾಯಿತು ನೋಡಿ.

ಪ್ರಶ್ನೆ: ವಿಮರ್ಶೆಗಳನ್ನು ದುಡ್ಡು ಕೊಟ್ಟು ಬರೆಸುತ್ತಾರಂತೆ. ಪೋಸ್ಟರ್ ಮೇಲೆ ಹಾಕುವ ಹೊಗಳಿಕೆಯ ಸಾಲುಗಳನ್ನು ನಂಬಬಹುದೇ?

ಪೋಸ್ಟರ್ ಸಾಲುಗಳನ್ನು ನಂಬಬೇಡಿ. ಇಡೀ ಬರಹದಿಂದ ಒಂದು ವಿಶೇಷಣ ಹೆಕ್ಕಿ ಆಶ್ಚರ್ಯಸೂಚಕ ಹಚ್ಚುವುದು ಹಳೆಯ ಕಸುಬು. ಅದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಸೋನಿಯ ಪ್ರಚಾರ ವಿಭಾಗ ಡೇವಿಡ್ ಮ್ಯಾನಿಂಗ್ ಎಂಬ ಇಲ್ಲದ ವಿಮರ್ಶಕನನ್ನೇ ಹುಟ್ಟುಹಾಕಿ ತನ್ನ ಸಿನಿಮಾಗಳನ್ನು ಹೊಗಳಿಸಿಕೊಂಡದ್ದು 2001ರಲ್ಲಿ ಬಯಲಾಯಿತು.

2024ರ ಆಗಸ್ಟ್‌ನಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ಮೆಗಲೊಪೊಲಿಸ್’ ಕಾನ್‌ನಲ್ಲಿ ವಿಮರ್ಶಕರನ್ನು ಇಬ್ಭಾಗ ಮಾಡಿತ್ತು. ಆ ಒಡಕನ್ನೇ ಬಂಡವಾಳ ಮಾಡಿಕೊಳ್ಳೋಣವೆಂದು ವಿತರಕರಾದ ಲಯನ್ಸ್‌ಗೇಟ್ ಒಂದು ಟ್ರೇಲರ್ ಬಿಟ್ಟಿತು. ಕೊಪ್ಪೊಲಾ ಅವರದೇ ‘ದಿ ಗಾಡ್‌ಫಾದರ್’ ಬಂದಾಗಲೂ ವಿಮರ್ಶಕರು ಬೈದಿದ್ದರು ಎಂದು ತೋರಿಸಲು ಅದರಲ್ಲಿ ಹೆಸರಾಂತ ವಿಮರ್ಶಕರ ಖಾರದ ಸಾಲುಗಳಿದ್ದವು. ಅವು ಆ ವಿಮರ್ಶೆಗಳಲ್ಲಿ ಇರಲೇ ಇಲ್ಲ ಎಂಬುದು ಬೇಗನೇ ಹೊರಬಿತ್ತು. ಆ ಪಟ್ಟಿಯಲ್ಲಿದ್ದ ಪಾಲಿನ್ ಕೇಲ್ ‘ದಿ ಗಾಡ್‌ಫಾದರ್’ ಅನ್ನು ಮನಸಾರೆ ಮೆಚ್ಚಿ ಬರೆದವರು! ಕಂಪನಿ ಟ್ರೇಲರ್ ಹಿಂತೆಗೆದುಕೊಂಡು ಕ್ಷಮೆ ಕೇಳಿತು. ಹೊಗಳಿಕೆ ಕೃತಕವಾಗಿ ತಯಾರಿಸುವುದು ಗೊತ್ತಿತ್ತು, ಬೈಗುಳವನ್ನೂ ತಯಾರಿಸಬಹುದೆಂದು ಆಗ ಗೊತ್ತಾಯಿತು.

ದುಡ್ಡು ಪಡೆದು ಬರೆದದ್ದನ್ನು ಗುರುತಿಸಲು ಖಚಿತ ಪರೀಕ್ಷೆಯಿಲ್ಲ. ನಾನು ನೋಡುವುದು ಇಷ್ಟು: ಒಂದಾದರೂ ನಿರ್ದಿಷ್ಟ ದೃಶ್ಯದ ಬಗ್ಗೆ ಬರೆದಿದ್ದಾರೆಯೇ? ಬರೀ ‘ಅದ್ಭುತ ಮೇಕಿಂಗ್, ಸೂಪರ್ ಬಿಜಿಎಂ’ ಎಂದಿದ್ದರೆ ಸಿನಿಮಾ ನೋಡದೆಯೂ ಬರೆಯಬಹುದು.

ಪ್ರಶ್ನೆ: ವಿಮರ್ಶಕರು ಬೈದ ಎಷ್ಟೋ ಸಿನಿಮಾಗಳು ಈಗ ಕ್ಲಾಸಿಕ್ ಆಗಿವೆ. ಮತ್ತೆ ಇವರ ಮಾತಿಗೇನು ಬೆಲೆ?

ಇದಕ್ಕೆ 1967ರ ‘ಬಾನಿ ಆ್ಯಂಡ್ ಕ್ಲೈಡ್’ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬಾಸ್ಲಿ ಕ್ರೌದರ್ ಆ ಚಿತ್ರದ ಹಿಂಸೆಯನ್ನು ಖಂಡಿಸಿ ಒಮ್ಮೆಯಲ್ಲ, ಮತ್ತೆ ಮತ್ತೆ ಬರೆದರು. ನ್ಯೂಸ್‌ವೀಕ್‌ನ ಜೋ ಮಾರ್ಗೆನ್‌ಸ್ಟರ್ನ್ ಮೊದಲು ಹೀನಾಯವಾಗಿ ಬರೆದು, ಥಿಯೇಟರಿಗೆ ಹೋಗಿ ಮತ್ತೊಮ್ಮೆ ನೋಡಿ, ಮುಂದಿನ ಸಂಚಿಕೆಯಲ್ಲೇ ತಮ್ಮ ಮಾತು ಹಿಂದಕ್ಕೆ ಪಡೆದರು. ಪಾಲಿನ್ ಕೇಲ್ ನ್ಯೂಯಾರ್ಕರ್‌ನಲ್ಲಿ ಸುದೀರ್ಘ ಸಮರ್ಥನೆ ಬರೆದರು. ಸಿನಿಮಾಗೆ 10 ಆಸ್ಕರ್ ನಾಮನಿರ್ದೇಶನ ಬಂದವು, ಕ್ರೌದರ್ ಸ್ವಲ್ಪ ಕಾಲದಲ್ಲೇ ಆ ಹುದ್ದೆಯಿಂದ ಸರಿದರು.

ಇದನ್ನು ‘ವಿಮರ್ಶಕರು ಸೋತರು’ ಎಂದು ಓದುವವರು, ಆ ಸಿನಿಮಾವನ್ನು ಎತ್ತಿ ಹಿಡಿದವರೂ ವಿಮರ್ಶಕರೇ ಎಂಬುದನ್ನು ಮರೆಯುತ್ತಾರೆ. ಇನ್ನೊಂದು ವಿಷಯ, ಕ್ರೌದರ್ ಎತ್ತಿದ ಪ್ರಶ್ನೆ ಸತ್ತಿಲ್ಲ. ಕೊಲೆಯನ್ನು ಅಂದವಾಗಿ ತೋರಿಸಬಹುದೇ ಎಂದು ಪ್ರತಿವರ್ಷ ಯಾವುದಾದರೊಂದು ಸಿನಿಮಾದ ಮುಂದೆ ಯಾರಾದರೂ ಕೇಳುತ್ತಲೇ ಇದ್ದಾರೆ. ‘ಜೋಕರ್’ ಮುಂದೆಯೂ ಕೇಳಿದರು. ಮೊದಲ ವಾರದ ವಿಮರ್ಶೆ ಕೆಲವೇ ಗಂಟೆಗಳಲ್ಲಿ ಬರೆದದ್ದು. ಚಿತ್ರೋತ್ಸವದಲ್ಲಾದರೆ ಆ ದಿನದ ಮೂರನೆಯದೋ ನಾಲ್ಕನೆಯದೋ ಸಿನಿಮಾ ಮುಗಿಸಿಕೊಂಡು ಬಂದು ಬರೆದದ್ದು. ಅದು ತೀರ್ಪು ಎಂದುಕೊಂಡರೆ ನಿರಾಸೆಯಾಗುತ್ತದೆ. ವಾದದ ಮೊದಲ ಮಾತು ಎಂದುಕೊಂಡು ಓದಿ.

ಪ್ರಶ್ನೆ: ವಿಮರ್ಶೆಯನ್ನು ಸಿನಿಮಾ ನೋಡುವ ಮೊದಲು ಓದಬೇಕೋ, ನೋಡಿದ ಮೇಲೋ?

ಹೋಗಬೇಕೋ ಬೇಡವೋ ಎಂಬ ಅನುಮಾನವಿದ್ದರೆ ನಿಮಗೆ ಪರಿಚಯವಿರುವ ಒಬ್ಬರ ಮೊದಲ ಎರಡು ಪ್ಯಾರಾ ಸಾಕು. ಹೋಗುವುದು ಖಚಿತವಾಗಿದ್ದರೆ ಏನೂ ಓದಬೇಡಿ. ನೋಡಿ ಬಂದ ಮೇಲೆ ಮಾತ್ರ ನಿಮ್ಮ ಅಭಿಪ್ರಾಯಕ್ಕೆ ಪೂರ್ತಿ ಎದುರಾಗಿರುವವರನ್ನು ಹುಡುಕಿ, ಅವರಿಂದಲೇ ಶುರು ಮಾಡಿ.